ದೇವರ ಜಗಲಿಯ ಮೇಲೊಂದು ಎಂಜಿನ್ನು

ಹುಣಸೆಹಣ್ಣಿನ ಮೇಲೆ ನನಗೊಂದು ಹಳೆಯ ಸಿಟ್ಟಿದೆ. ನಗಬೇಡಿ. ಸಾರಿನಲ್ಲಿ, ಗೊಜ್ಜಿನಲ್ಲಿ ಅದು ಎಷ್ಟು ಬೇಕಾದರೂ ಇರಲಿ, ಎರಡು ಸಲ ಬಡಿಸಿಕೊಂಡು ಉಣ್ಣುವ ಗಿರಾಕಿ ನಾನು. ಆದರೆ ಮೊನ್ನೆ ನನ್ನ ಹೆಂಡತಿ ಹಿತ್ತಲ ಕಲ್ಲಿನ ಮೇಲೆ ಕುಳಿತು, ಹುಣಸೆಹಣ್ಣಿಗೆ ಬೂದಿ ಬೆರೆಸಿ ಹಿತ್ತಾಳೆಯ ಆರತಿ ತಾಟು ತಿಕ್ಕುತ್ತಿದ್ದಳು. ಆ ಹುಳಿವಾಸನೆ ಮೂಗಿಗೆ ಬಡಿದದ್ದೇ ತಡ, ಕೈಯಲ್ಲಿದ್ದ ಪೇಪರು ಒಗೆದು, "ಸಾಕ ಮಾಡ, ಸವದ ಹೋಗತೈತಿ ಅದು!" ಎಂದು ಕೂಗಿಬಿಟ್ಟೆ. ಆಕೆ ತಲೆ ಸಹ ಎತ್ತದೆ, "ಇದು ತಾಟು ಐತ್ರಿ. ನಿಮ್ಮ ದೊಡ್ಡವ್ವನ ಎಂಜಿನ್ನಲ್ಲ" ಅಂದಳು. ಗಂಡನಿಗೆ ಎಲ್ಲಿ ಮುಟ್ಟಿದರೆ ಉರಿಯುತ್ತದೆ ಎನ್ನುವುದು ಹೆಂಡತಿಯರಿಗೆ ಎಷ್ಟು ಚೆನ್ನಾಗಿ ಗೊತ್ತಿರುತ್ತದೆ ನೋಡಿ.

ಎಂಜಿನ್ನಿನ ಮಾತು ಬಂತಲ್ಲ, ಇನ್ನು ಅದನ್ನು ಪೂರ್ತಿ ಹೇಳದೆ ನನಗೆ ಸಮಾಧಾನವಿಲ್ಲ.

ನನ್ನ ದೊಡ್ಡಪ್ಪ, ಅಂದರೆ ಅಪ್ಪನ ಅಣ್ಣ, ಉಗಿಬಂಡಿಗಳ ಕಾಲದಲ್ಲಿ ರೈಲ್ವೆಯ ಫಿಟ್ಟರ್ ಆಗಿದ್ದ. ಮನೆ ಖಾನಾಪುರದಲ್ಲಿ. ಆ ಮನೆಯಲ್ಲಿ ಮೂರು ಗೇಣು ಉದ್ದದ ಒಂದು ಪುಟ್ಟ ಉಗಿ ಎಂಜಿನ್ ಇತ್ತು. ಆಟಿಕೆ ಅಂದೀರಿ ಮತ್ತೆ, ನನಗೆ ಇನ್ನೊಂದು ಸಿಟ್ಟು ಬಂದೀತು. ಬಾಯ್ಲರಿಗೆ ನೀರು ತುಂಬಿ, ಅದರ ಅಂಗೈಯಗಲದ ಒಲೆಗೆ ಇದ್ದಿಲ ಕೆಂಡ ಹಾಕಿದರೆ, ಬುಸ್ ಬುಸ್ ಎನ್ನುತ್ತ ಆರೂ ಚಕ್ರ ತಿರುಗಿಸಿಕೊಂಡು ನಿಜವಾಗಿ ಓಡುವ ಎಂಜಿನ್ ಅದು. ಖಂಡೇನವಮಿಯ ದಿನ ನಮ್ಮ ಕಡೆ ಎಲ್ಲರೂ ಕುಡಗೋಲು, ಕೊಡಲಿ, ಸೈಕಲ್ಲುಗಳಿಗೆ ಪೂಜೆ ಮಾಡಿದರೆ, ದೊಡ್ಡಪ್ಪ ತನ್ನ ಪಾನಾ ಸುತ್ತಿಗೆಗಳ ಜೊತೆ ಈ ಎಂಜಿನ್ನಿಗೂ ಮಾಡುತ್ತಿದ್ದ. ಪೂಜೆ ಮುಗಿದ ಮೇಲೆ ಅಂಗಳದಲ್ಲಿ ಎರಡು ಕಬ್ಬಿಣದ ಪಟ್ಟಿ ಹಾಸಿ ಅದನ್ನು ಓಡಿಸಬೇಕು. ಅದು ಸೀಟಿ ಹೊಡೆದರೆ ಓಣಿಯ ಕೋಳಿಗಳೆಲ್ಲ ಚೆಲ್ಲಾಪಿಲ್ಲಿ. ನಾವು ಹುಡುಗರು ಕೋಳಿಗಳ ಹಿಂದೆ. ನಮ್ಮ ಹಿಂದೆ ದೊಡ್ಡವ್ವ ಲಟ್ಟಣಿಗೆ ಹಿಡಿದು.

ಎಂಜಿನ್ ಎಲ್ಲಿಂದ ಬಂತು ಎಂದು ಕೇಳಿದರೆ ದೊಡ್ಡವ್ವನ ಬಳಿ ಸಿದ್ಧ ಉತ್ತರವಿತ್ತು. "ನಿಮ್ಮ ದೊಡ್ಡಪ್ಪನ ಕೆಲಸಾ ನೋಡಿ, ಫೋರಮನ್ ಸಾಹೇಬ ವಿಲಾಯತಿಗೆ ಹೋಗೂ ಮುಂದ ಇನಾಮ ಕೊಟ್ಟ. ವಿಲಾಯತಿ ಮಾಲ ಅದು!" ಆ 'ವಿಲಾಯತಿ ಮಾಲ' ಎನ್ನುವಾಗ ಆಕೆಯ ಮೂಗುಬೊಟ್ಟು ಸಹ ಒಂದು ಸುತ್ತು ದೊಡ್ಡದಾದಂತೆ ಕಾಣುತ್ತಿತ್ತು. ದೊಡ್ಡಪ್ಪ ಬಾಜು ಕುಳಿತು ಬೀಡಿ ಸೇದುತ್ತ, ಹೌದು ಎನ್ನುತ್ತಿರಲಿಲ್ಲ, ಅಲ್ಲ ಎನ್ನುತ್ತಿರಲಿಲ್ಲ. ಸಂಕೋಚದ ಮನುಷ್ಯ, ತನ್ನ ಹೊಗಳಿಕೆ ತಾನೇ ಕೇಳಲಾರ ಎಂದು ನಾವೆಲ್ಲ ತಿಳಿದಿದ್ದೆವು.

ದೊಡ್ಡಪ್ಪ ತೀರಿಕೊಂಡ ಮೇಲೆ ಎಂಜಿನ್ನಿನ ದೆಸೆ ತಿರುಗಿತು. ದೊಡ್ಡವ್ವ ಅದನ್ನು ಅಟ್ಟದಿಂದ ಇಳಿಸಿ ಒಯ್ದು ದೇವರ ಜಗಲಿಯ ಮೇಲೆ ಇಟ್ಟಳು. ಗಂಡನ ನೆನಪು, ಮೇಲಾಗಿ ಹಿತ್ತಾಳೆ, ಇನ್ನೆಲ್ಲಿ ಇಡಬೇಕು? ಒಂದು ಕಡೆ ಬಸವಣ್ಣ, ಇನ್ನೊಂದು ಕಡೆ ಎಲ್ಲಮ್ಮ, ನಡುವೆ ಎಂಜಿನ್ನು. ಅದರ ಮುಂಭಾಗದ ಗುಂಡು ಬಾಗಿಲಿಗೆ ಮೂರು ಬೆರಳಿನ ವಿಭೂತಿ. ಸೀಟಿಯ ಮೇಲೆ ಒಂದು ದಾಸವಾಳ. ಚಿಮಣಿಯಲ್ಲಿ ಊದಿನಕಡ್ಡಿ! ಹೊಗೆ ಬಿಡುವ ಚಿಮಣಿಯಲ್ಲಿ ಊದಿನಕಡ್ಡಿ ಚುಚ್ಚುವ ಉಪಾಯ ಆಕೆಗೆ ಯಾರು ಹೇಳಿಕೊಟ್ಟರೋ, ಆ ಬಸವಣ್ಣನೇ ಬಲ್ಲ. ಬಾಜು ಮನೆಯ ಯಲ್ಲೂಬಾಯಿ ಮರಾಠಿ ಮಾತಿನವಳು. ಆಕೆ ಇದಕ್ಕೆ 'ಆಗೀನಗಾಡಿ ದೇವ', ಅಂದರೆ ಉಗಿಬಂಡಿ ದೇವರು, ಎಂದು ಹೆಸರಿಟ್ಟು, ಮಗನಿಗೆ ನೌಕರಿ ಸಿಗಲಿ ಎಂದು ಕಾಯಿ ಒಡೆಸಿದಳು. ಮಗನಿಗೆ ಪೀರನವಾಡಿಯ ಕಾರಖಾನೆಯಲ್ಲಿ ನೌಕರಿ ಸಿಕ್ಕೂಬಿಟ್ಟಿತು. ಆಮೇಲೆ ಕೇಳುತ್ತೀರಾ?

ಇಷ್ಟರಲ್ಲೇ ಇದ್ದಿದ್ದರೆ ನಾನು ಸುಮ್ಮನಿರುತ್ತಿದ್ದೆ. ಪ್ರತಿ ಸೋಮವಾರ ಆಕೆ ಅದನ್ನು ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಳು. ನನಗೆ ಹಳೆಯ ಸಾಮಾನುಗಳ ಹುಚ್ಚು. ಬೆಳಗಾವಿಯ ನನ್ನ ಮನೆಯಲ್ಲಿ ಹಾಡದ ರೇಡಿಯೋಗಳೂ ನಡೆಯದ ಗಡಿಯಾರಗಳೂ ತುಂಬಿಕೊಂಡು, ಕೂಡಲು ಜಾಗವಿಲ್ಲ ಎಂದು ಬಂದವರು ನಿಂತೇ ಚಹಾ ಕುಡಿದು ಹೋಗುತ್ತಾರೆ. ಅಂಥವನ ಕಣ್ಣೆದುರು ಎಂಜಿನ್ನಿನ ಬದಿಯಲ್ಲಿದ್ದ ಒಂದು ಪುಟ್ಟ ಹಿತ್ತಾಳೆಯ ಫಲಕ ವರ್ಷದಿಂದ ವರ್ಷಕ್ಕೆ ನುಣ್ಣಗಾಗುತ್ತ ಹೋಯಿತು. ಅದರ ಮೇಲೆ ಏನೋ ಕೊರೆದದ್ದಿತ್ತು. ನಾನು ಓದಬೇಕು ಎನ್ನುವಷ್ಟರಲ್ಲಿ ಅದು ಬಳಸಿದ ಸಾಬೂನಿನಂತಾಗಿತ್ತು.

"ದೊಡ್ಡವ್ವಾ, ಕೈ ಮುಗೀತೀನಿ, ತಿಕ್ಕಬ್ಯಾಡ" ಅಂದೆ.

"ಹೊಲಸ ಇಟಗೊಳ್ಳಾಕ ಇದೇನ ನಿನ್ನ ಮನಿ ಅಂತ ತಿಳಿದಿಯೇನ ಬಸ್ಯಾ? ದೇವರ ಮುಂದಿನ ಸಾಮಾನ ಝಗಝಗ ಅನಬೇಕ."

"ಅದು ದೇವರ ಸಾಮಾನಲ್ಲ, ಎಂಜಿನ್ನು!"

"ಹೌದ, ಎಂಜಿನ್ನ. ಅದಕ್ಕ ಯಾಡ ಸಲ ತಿಕ್ಕತೀನಿ."

ಇಂಥವರೊಡನೆ ವಾದ ಮಾಡುವುದಕ್ಕಿಂತ ಗೋಡೆಗೆ ಹಣೆ ಬಡಿದುಕೊಳ್ಳುವುದು ಲೇಸು, ಗೋಡೆ ತಿರುಗಿ ಮಾತಾಡುವುದಿಲ್ಲ.

ಈಗ ಸ್ವಲ್ಪ ಬೇರೆ ಕಡೆ ಹೋಗುತ್ತೇನೆ, ಸಹಿಸಿಕೊಳ್ಳಿ. ನನಗೊಬ್ಬಳು ಸೋದರತ್ತೆ. ದೊಡ್ಡಪ್ಪನಿಗೂ ನನ್ನ ಅಪ್ಪನಿಗೂ ಒಬ್ಬಳೇ ತಂಗಿ, ಹೆಸರು ಸುಂದ್ರವ್ವ, ಕೊಟ್ಟದ್ದು ಬೆಳಗಾವಿಯ ಶಹಾಪುರಕ್ಕೆ. ನಾನಿನ್ನೂ ತೊಟ್ಟಿಲಲ್ಲಿದ್ದಾಗ ಆಕೆ ಚೊಚ್ಚಲ ಬಾಣಂತನಕ್ಕೆಂದು ಖಾನಾಪುರದ ತವರಿಗೆ ಬಂದಿದ್ದಳಂತೆ. ದೊಡ್ಡವ್ವನ ಮದುವೆಯಲ್ಲಿ ಕಣಕುಂಬಿಯ ಸೋದರಮಾವ ಕೊಟ್ಟಿದ್ದ ತಾಮ್ರದ ಒಂದು ಘಂಗಾಳ ಆ ಮನೆಯಲ್ಲಿತ್ತು. ಘಂಗಾಳ ಎಂದರೆ ಸ್ನಾನದ ನೀರು ತೋಡಿಡುವ ಅಗಲ ಬಾಯಿಯ ಪಾತ್ರೆ. ಕೂಸಿಗೆ ಅದರಲ್ಲೇ ಎರೆದರು. ಬಾಣಂತನ ಮುಗಿದು ಸುಂದ್ರತ್ತೆ ಗಂಡನ ಮನೆಗೆ ಹೋದ ಮೇಲೆ ನೋಡುತ್ತಾರೆ, ಬಚ್ಚಲಲ್ಲಿ ಘಂಗಾಳವಿಲ್ಲ! ದೊಡ್ಡವ್ವ ಹುಡುಕಿದಳು, ಅತ್ತಳು, ಕಡೆಗೆ ಬಾಗಿಲಲ್ಲಿ ನಿಂತು ಇಡೀ ಓಣಿಗೆ ಕೇಳುವಂತೆ, "ಕೂಸಿನ ಜೋಡಿ ಘಂಗಾಳಾನೂ ಕಟಗೊಂಡ ಹೋಗ್ಯಾಳ ನಮ್ಮ ನಾದಿನಿ" ಅಂದಳು.

ಮುಗಿಯಿತು. ತಾಮ್ರದ ಪಾತ್ರೆಗೆ ಕಲಾಯಿ ಹಾಕಬಹುದು, ಇಂಥ ಮಾತಿಗೆ ಹಾಕಲಾಗುವುದಿಲ್ಲ. ಸುಂದ್ರತ್ತೆ ಅಂದಿನಿಂದ ತವರಿನ ಹೊಸ್ತಿಲು ತುಳಿಯಲಿಲ್ಲ. ಅಣ್ಣ ಸತ್ತಾಗ ಸಹ ಓಣಿಯ ತುದಿಯಲ್ಲಿ ನಿಂತು ಹೆಣಕ್ಕೆ ಕೈಮುಗಿದು ಹಾಗೇ ತಿರುಗಿದವಳು. "ಕಳ್ಳಿ ಅನ್ನೂ ಮಾತ ಆಕಿ ಬಾಯಿಂದ ಬಂದೈತಿ ಬಸೂ. ಆಕಿ ಬಾಯಿಂದನ ಅದು ಹೋಗಬೇಕ. ಅಲ್ಲೀತನಕ ನಾ ಅಲ್ಲಿ ನೀರ ಸೈತ ಮುಟ್ಟೂದಿಲ್ಲ" ಎನ್ನುವಳು. ಮರುಗಳಿಗೆಗೇ ಕಣ್ಣೊರೆಸಿಕೊಂಡು, "ನಮ್ಮ ದೊಡ್ಡಣ್ಣ ಮಾತ್ರ ಆ ಮಾತ ನಂಬಲಿಲ್ಲಪಾ. ಅವ ಒಂದ ದಿನ ನನ್ನ ಮ್ಯಾಲೆ ಸಂಶೇ ತಗೊಳ್ಳಲಿಲ್ಲ" ಎನ್ನುವಳು. ಮೂವತ್ತು ವರ್ಷದ ಮೇಲಾಯಿತು, ಆಕೆ ಬದುಕಿದ್ದು ಆ ಒಂದು ಮಾತಿನ ಮೇಲೆ.

ನಡುವೆ ಸಿಕ್ಕು ಸಾಯುವವನು ನಾನು. ಖಾನಾಪುರಕ್ಕೆ ಹೋದರೆ ದೊಡ್ಡವ್ವ, "ಆ ಘಂಗಾಳದಾಗ ಈಗ ಯಾರ ಜಳಕಾ ಮಾಡತಾರಂತ?" ಎಂದು ಕೇಳುತ್ತಿದ್ದಳು. ಶಹಾಪುರಕ್ಕೆ ಬಂದರೆ ಅತ್ತೆ, "ಏನಂದ್ಲು ಆಕಿ?" ಎಂದು ಕೇಳುತ್ತಿದ್ದಳು. ಏನೂ ಅನ್ನಲಿಲ್ಲ ಎಂದರೆ ಇಬ್ಬರೂ ನಂಬುತ್ತಿರಲಿಲ್ಲ. ಟಪಾಲು ಖಾತೆಯವರಿಗಾದರೂ ರವಿವಾರ ಸೂಟಿ ಇರುತ್ತದೆ.

ಇರಲಿ, ಎಂಜಿನ್ನಿಗೆ ಬರೋಣ. ನಮ್ಮ ಕಡೆಯ ಮೀಟರ್ ಗೇಜ್ ಹಳಿಗಳನ್ನು ಕಿತ್ತು ಬ್ರಾಡ್ ಗೇಜ್ ಮಾಡಿ ಕೆಲವು ವರ್ಷವಾಗಿತ್ತು. ಉಗಿಬಂಡಿ ನೋಡದ ಮಕ್ಕಳು ಶಾಲೆಯ ಮಾಸ್ತರನಾದ ನನ್ನ ತರಗತಿಯಲ್ಲಿ ಬಂದು ಕೂತಿದ್ದರು. ಆಗ ನನಗೆ ಪಿಂಟೋ ಸಾಹೇಬರ ಪರಿಚಯವಾಯಿತು. ಬೆಳಗಾವಿಯ ಕ್ಯಾಂಪಿನಲ್ಲಿದ್ದ ನಿವೃತ್ತ ಎಂಜಿನಿಯರು, ಮೂಲ ಗೋವೆಯವರು. ಮನೆ ತುಂಬ ಪುಟ್ಟ ಪುಟ್ಟ ಉಗಿ ಎಂಜಿನ್ನುಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು, ತಾವು ಮಾತ್ರ ಒಂದು ಮುರುಕು ಕುರ್ಚಿಯಲ್ಲಿ ಕೂಡುತ್ತಿದ್ದರು. ಯಾವ ಎಂಜಿನ್ ಯಾವ ದೇಶದ್ದು, ಕಾರಖಾನೆಯ ಬಿಡಿಭಾಗ ತರಿಸಿ ಜೋಡಿಸಿದ್ದೋ, ಪೂರಾ ಕೈಯಿಂದ ಮಾಡಿದ್ದೋ, ನೋಡಿಯೇ ಹೇಳುವವರು. ನಮ್ಮದನ್ನೂ ಯಾವ ವಿಲಾಯತಿ ಕಂಪನಿಯದೆಂದು ಹೇಳಿಸಿಕೊಂಡು, ದೊಡ್ಡವ್ವನ ಹುಣಸೆಹಣ್ಣಿನಿಂದ ಉಳಿಸೋಣ ಎಂದು ಆಸೆಪಟ್ಟೆ. ತಿಕ್ಕುತ್ತಾರೆ ಎಂದು ಹೇಳಿದ್ದೇ ತಡ ಅವರು ಎದೆ ಹಿಡಿದುಕೊಂಡರು. "ಪಾಲಿಶ್? ಅರೇ ದೇವಾ, ಅದು ಖೂನ್ ರೀ ಮಾಸ್ತರ, ಖೂನ್! ಹಳೇ ಸಾಮಾನ ಕಾಯೂದಂದ್ರ ಏನ? ಸುಮ್ಮ ಕೂಡೂದು. ಮುಟ್ಟಬಾರದು, ಒರಸಬಾರದು, ಎಣ್ಣಿ ಬಿಡಬಾರದು. ತರ್ರಿ ಇಲ್ಲೆ."

ತರುವುದು ಹೇಗೆ? ಜಗಲಿಯ ದೇವರು ಹೊಸ್ತಿಲು ದಾಟಬಾರದೆಂದು ದೊಡ್ಡವ್ವ ಹಟ ಹಿಡಿದಳು. ಪಿಂಟೋ ಸಾಹೇಬರನ್ನೇ ಒಂದು ಆದಿತ್ಯವಾರ ಖಾನಾಪುರದ ಬಸ್ಸಿಗೆ ಹತ್ತಿಸಿದೆ. ಚರ್ಚು ಮುಗಿಸಿ, ಕೋಟು ಹಾಕಿ, ಕೈಯಲ್ಲೊಂದು ಚರ್ಮದ ಚೀಲ ಹಿಡಿದು ಬಂದರು. ಪೀರನವಾಡಿ ದಾಟುವವರೆಗೂ ಒಂದೇ ಕಾಲ ಮೇಲೆ ನಿಂತು, ಉಗಿಬಂಡಿ ಇದ್ದಾಗ ಇಂಥ ಹಣೆಬರಹ ಇರಲಿಲ್ಲ ಎಂದು ನನ್ನನ್ನೇ ಬೈದರು. ಹಳಿ ಕಿತ್ತವನು ನಾನೇ ಅಂದುಕೊಂಡಿರಬೇಕು.

ದೊಡ್ಡವ್ವ ಅವರ ಕಾಲಿಗೆ ನೀರು ಕೊಟ್ಟಳು. ಅವರು ಬೂಟು ಕಳಚಿ, ಕಾಲು ತೊಳೆದು, ಚೀಲದಿಂದ ಬಿಳಿಯ ಕೈಗವಸುಗಳನ್ನು ತೆಗೆದು ಬೆರಳಿಗೆ ಏರಿಸಿದ್ದು ಕಂಡು ಆಕೆಗೆ ಬಹಳ ಮೆಚ್ಚುಗೆಯಾಯಿತು. "ನೋಡ ಬಸ್ಯಾ, ಎಷ್ಟ ಮಡಿ ಮನಷ್ಯಾ. ನೀ ಇದ್ದಿ ಒಬ್ಬಾವ, ಹಂಗ ಕೈ ಹಚ್ಚತಿ."

ಸಾಹೇಬರು ವಿಭೂತಿ ಪಟ್ಟಿಯನ್ನು ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿ, ಇದು ಯಾವ ರೈಲು ಕಂಪನಿಯ ಗುರುತು ಎಂದು ನನ್ನನ್ನು ಕೇಳಿದರು. ಶಿವನ ಕಂಪನಿಯದು ಅಂದೆ. ಮುಂಭಾಗದ ಬಾಗಿಲು ತೆರೆದರೆ ಒಳಗೆ ಒಂದು ಬೊಗಸೆ ಬೂದಿ. "ವಾ! ಬಾಳ ಓಡಿಸ್ಯಾರ ಇದನ್ನ. ನೋಡ್ರಿ ಎಷ್ಟ ಸಣ್ಣ ಬೂದಿ, ಉತ್ತಮ ಕಲ್ಲಿದ್ದಲಿ" ಎಂದು ಹಿಗ್ಗಿ ಮೂಸಿ ನೋಡಿದರು. ಮುಖ ಕಿವುಚಿತು. "ಮಲ್ಲಿಗಿ?" ಅಂದರು. ವರ್ಷಗಟ್ಟಲೆಯ ಊದಿನಕಡ್ಡಿಯ ಬೂದಿಯದು. ದೊಡ್ಡವ್ವ ಸೆರಗು ಒಡ್ಡಿ, "ದೇವರ ಅಂಗಾರ ಐತಿ, ಚೆಲ್ಲಬ್ಯಾಡ್ರಿ" ಎಂದು ಆ ಬೂದಿಯನ್ನು ಪ್ರಸಾದದಂತೆ ಅಷ್ಟನ್ನೂ ಕಟ್ಟಿಕೊಂಡಳು. ನಾನು ಅಂಗಳಕ್ಕೆ ಹೋಗಿ ಒಂದು ಸುತ್ತು ತಿರುಗಿ ಬಂದೆ. ಅಲ್ಲೇ ನಿಂತಿದ್ದರೆ ಏನಾದರೂ ಆಡಿಬಿಡುತ್ತಿದ್ದೆ.

ಪಿಂಟೋ ಸಾಹೇಬರು ಆಮೇಲೆ ಚಕ್ರಗಳ ಹಿಂಬದಿ, ಕೆಳಗಿನ ಚೌಕಟ್ಟು, ಒಂದೊಂದು ತಿರುಪು ನೋಡುತ್ತ ಹೋದರು. ಮುಖದ ಮೇಲಿನ ದೊಡ್ಡಸ್ತಿಕೆ ಇಳಿಯುತ್ತ ಬಂತು. ಕಡೆಗೆ ನೆಟ್ಟಗೆ ಕುಳಿತು ಅಂದರು: "ಇದು ವಿಲಾಯತಿ ಅಲ್ಲವ್ವಾ. ಅಲ್ಲಿಯ ಮಾಲ ಆದರ ಎರಕದ ಮ್ಯಾಲೆ ನಂಬರ ಇರತೈತಿ. ಇದರಾಗ ಎಲ್ಲಾ ಅರದ ಗೀರು. ಒಬ್ಬ ಮನಷ್ಯಾ ಕುಂತು, ವರ್ಷಗಟ್ಟಲೆ, ಕೈಯಿಂದ ಅರ ಹಾಕಿ ಮಾಡ್ಯಾನ. ಇಂಥಾದ್ದು ನನ್ನ ಕಡೆ ಒಂದೂ ಇಲ್ಲ."

ದೊಡ್ಡಪ್ಪ! ಬೇರೆ ಯಾರು ಮಾಡುತ್ತಾರೆ? ಹಿತ್ತಲ ತಗಡಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು, ರೈಲ್ವೆ ಸಾಹೇಬರ ಗಡಿಯಾರ ರಿಪೇರಿ ಎಂದು ಹೇಳಿ ವರ್ಷಗಟ್ಟಲೆ ಕೂಡುತ್ತಿದ್ದನೆಂದು ಮನೆಯವರು ಹೇಳುತ್ತಿದ್ದರಲ್ಲ, ಅದು ಇದೇ! ನನಗೆ ಕುಣಿಯಬೇಕು ಅನ್ನಿಸಿತು. ದೊಡ್ಡವ್ವನಿಗೆ ಮಾತ್ರ ಅವಮಾನವಾಗಿತ್ತು. "ಹಂಗಂದ್ರ ನಮ್ಮವರು ಸುಳ್ಳ ಹೇಳ್ಯಾರ? ಸ್ವಂತ ಮಾಡಿದ್ದ ಇದ್ದರ ಸಾಹೇಬ ಕೊಟ್ಟ ಅಂತ ನನ್ನ ಮುಂದ ಯಾಕ ಹೇಳಿದ್ರು? ಯಾರರೆ ಹಂಗ ಹೇಳತಾರ? ನಿಮಗ ಕಣ್ಣ ಕಾಣೂದಿಲ್ಲ, ಚಹಾ ಕುಡದ ಹೋಗ್ರಿ" ಅಂದಳು.

ಆಕೆಯ ಪ್ರಶ್ನೆ ಸರಿಯಾಗಿತ್ತು. ಮಾಡಿದವನು ಮಾಡಿದೆ ಎಂದು ಹೇಳಿಕೊಳ್ಳದೆ ಇನ್ನೊಬ್ಬನ ಹೆಸರು ಯಾಕೆ ಹೇಳಿದ?

ಬಾಯ್ಲರಿನ ಮೇಲೆ ಮಾಡಿದವರ ಗುರುತು ಇರುತ್ತದೆ, ನೋಡಿಯೇ ಬಿಡೋಣ ಎಂದರು ಸಾಹೇಬರು. ಅವರ ಸಿಟ್ಟೂ ಏರಿತ್ತು. ಬಾಯ್ಲರಿಗೆ ಹೊರಗಿನಿಂದ ಹಿತ್ತಾಳೆಯ ತೆಳು ತಗಡಿನ ಒಂದು ಅಂಗಿ ಸುತ್ತಿ, ಎರಡು ಪಟ್ಟಿಗಳಿಂದ ಬಿಗಿದಿದ್ದರು. ದೊಡ್ಡವ್ವ ಇಷ್ಟು ದಿನ ತಿಕ್ಕಿದ್ದೆಲ್ಲ ಆ ಅಂಗಿಯನ್ನು. ಪಟ್ಟಿಯ ತಿರುಪು ಬಿಚ್ಚಿ, ಅಂಗಿಯನ್ನು ಮೆಲ್ಲಗೆ ಸರಿಸಿದರು. ಒಳಗೆ ತಾಮ್ರದ ಬಾಯ್ಲರು, ಕೆಂಪಗೆ, ಹೊಸ ಪಾತ್ರೆಯ ಹಾಗೆ. ಅದರ ಮೇಲೆ ಉದ್ದಕ್ಕೆ ಚುಕ್ಕಿ ಚುಕ್ಕಿಯಾಗಿ ಅಕ್ಷರ. ಪಾತ್ರೆ ಅಂಗಡಿಯವರು ಉಳಿಯಿಂದ ಟಕ್ ಟಕ್ ಎಂದು ಹೆಸರು ಕೊರೆಯುತ್ತಾರಲ್ಲ, ಅಂಥ ಅಕ್ಷರ.

ಸಾಹೇಬರಿಗೆ ಕನ್ನಡ ಓದಲು ಬಾರದು. ನಾನು ಬಾಗಿದೆ. 'ಚಿ. ಶಾಂತವ್ವನ ಲಗ್ನಕ್ಕೆ ಸೋದರಮಾವನ ಆಹೇರ.'

ಶಾಂತವ್ವ ನಮ್ಮ ದೊಡ್ಡವ್ವನ ಹೆಸರು. ಆಹೇರ ಎಂದರೆ ಮದುವೆಯ ಉಡುಗೊರೆ. ನಾನು ಗಟ್ಟಿಯಾಗಿ ಓದಲಿಲ್ಲ. ಓದುವ ಅಗತ್ಯವೂ ಬೀಳಲಿಲ್ಲ. ಆಕೆ ನನ್ನ ಭುಜದ ಮೇಲಿಂದ ನೋಡಿದ್ದಳು.

"ನನ್ನ ಘಂಗಾಳ!" ಅಂದಳು.

ಪಿಂಟೋ ಸಾಹೇಬರಿಗೆ ಇದರ ತಲೆ ಬುಡ ಗೊತ್ತಿಲ್ಲ. ಅವರು ಹರುಷದಿಂದ ವಿವರಿಸತೊಡಗಿದರು. ದಪ್ಪ ತಾಮ್ರದ ಹಾಳೆ ಆ ಕಾಲದಲ್ಲಿ ಸುಲಭಕ್ಕೆ ಸಿಗುತ್ತಿರಲಿಲ್ಲವಂತೆ. ಪಾತ್ರೆ ಕತ್ತರಿಸಿ, ಕಾಯಿಸಿ, ಬಡಿದು ಸುರುಳಿ ಮಾಡಿದ್ದಾನಂತೆ. ಅಕ್ಷರ ಅರದಿಂದ ಅಳಿಸಿದರೆ ಅಲ್ಲಿ ತಾಮ್ರ ತೆಳುವಾಗಿ ಉಗಿಗೆ ಒಡೆಯುತ್ತದೆ, ಅದಕ್ಕೇ ಹಾಗೇ ಬಿಟ್ಟು ಅಂಗಿ ಹೊದಿಸಿದ್ದಾನಂತೆ. "ಹುಶಾರ ಮನಷ್ಯಾ!" ಅಂದರು. ಹುಶಾರನೇ ಹೌದು. ಅಂಗಿಯ ಮೇಲೆ ಇನ್ನೊಂದು ಅಂಗಿಯಾಗಿ ಫೋರಮನ್ ಸಾಹೇಬನ ಕಥೆಯನ್ನೂ ಹೊದಿಸಿದ್ದ.

ದೊಡ್ಡವ್ವ ಮೊದಲು ಗಂಡನ ಫೋಟೋ ನೋಡಿ ಬಾಯಿಗೆ ಬಂದಂತೆ ಬೈದಳು. ಆಮೇಲೆ ಘಂಗಾಳ ಬಿಚ್ಚಿ ಕೊಡಿ ಎಂದು ಹಟ ಹಿಡಿದಳು. ಬಿಚ್ಚಿದರೆ ಘಂಗಾಳವೂ ಇರುವುದಿಲ್ಲ, ಎಂಜಿನ್ನೂ ಇರುವುದಿಲ್ಲ ಎಂದು ತಿಳಿಹೇಳುವಷ್ಟರಲ್ಲಿ ನನ್ನ ಗಂಟಲು ಒಣಗಿತು. ಆಮೇಲೆ ಒಮ್ಮೆಗೇ ಜಗಲಿಯ ಕೆಳಗೆ ಕುಳಿತುಬಿಟ್ಟಳು. ಏನು ನೆನಪಾಯಿತು ಎನ್ನುವುದು ನನಗೂ ಗೊತ್ತಿತ್ತು. ಪಿಂಟೋ ಸಾಹೇಬರು ಅಂಗಿಯನ್ನು ತಿರುಗಿ ತೊಡಿಸಲು ಕೈಹಾಕಿದಾಗ ಆಕೆ ಅದನ್ನು ಕಸಿದುಕೊಂಡಳು.

"ಹಾಕಬ್ಯಾಡ್ರಿ. ಸುಂದ್ರವ್ವ ಬಂದು ನೋಡೂತನಕ ಅದು ಹಿಂಗ ಬರಿಮೈಲೆ ಇರಲಿ."

"ಆದರ ಅವ್ವಾ, ಮೂಲ ರೂಪ ಕೆಡತೈತಿ..." ಎಂದು ಸಾಹೇಬರು ರಾಗ ಎಳೆದರು.

"ಮೂಲ ರೂಪ ಇದ ಐತಿ" ಅಂದಳು ದೊಡ್ಡವ್ವ. ಅಂಗಿಯನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿ ಕೀಲಿ ಸೊಂಟಕ್ಕೆ ಸಿಕ್ಕಿಸಿದಳು.

ಇನ್ನು ಸುಂದ್ರತ್ತೆಯ ಪಾಳಿ. ಶಹಾಪುರಕ್ಕೆ ಓಡಿ ಹೋಗಿ ಎಲ್ಲ ಹೇಳಿದೆ. ಆಕೆ ಕುಣಿದಾಡುತ್ತಾಳೆ ಅಂದುಕೊಂಡಿದ್ದೆ. ಆಕೆ ಅಕ್ಕಿ ಆರಿಸುವುದನ್ನು ಸಹ ನಿಲ್ಲಿಸಲಿಲ್ಲ. "ಆಕಿ ಇಲ್ಲಿ ಬಂದು ಹೇಳಲಿ" ಅಂದಳು. ಖಾನಾಪುರಕ್ಕೆ ಬಂದು ಅದನ್ನು ಹೇಳಿದರೆ ದೊಡ್ಡವ್ವ, "ಎಂಜಿನ್ನ ಇಲ್ಲೈತಿ, ಅಲ್ಲಿ ಹೋಗಿ ಏನ ತೋರಿಸ್ಲಿ? ಆಕಿ ಬರಲಿ" ಅಂದಳು. ಎಂಜಿನ್ನನ್ನೇ ಒಯ್ಯೋಣವೆಂದರೆ ದೇವರು ಹೊಸ್ತಿಲು ದಾಟುವುದಿಲ್ಲ! ಮೂವರೂ ಹಟಮಾರಿಗಳು, ದೇವರನ್ನೂ ಸೇರಿಸಿ. ಜ್ಯೇಷ್ಠ ಕಳೆಯಿತು, ಆಷಾಢ ಕಳೆಯಿತು, ನಾನು ಮಳೆಯಲ್ಲಿ ನೆನೆಯುತ್ತ ಈ ಊರಿಂದ ಆ ಊರಿಗೆ ಅಡ್ಡಾಡಿದೆ. ನೀವಿಬ್ಬರೂ ಹೀಗೇ ಸಾಯಿರಿ, ನನ್ನನ್ನು ಕರೆಯಬೇಡಿ ಎಂದು ಇಬ್ಬರಿಗೂ ಬೈದು ಮನೆಯಲ್ಲಿ ಕುಳಿತೆ.

ನಾಗರ ಪಂಚಮಿಯ ದಿನ ಬೆಳಿಗ್ಗೆ ಬಾಗಿಲು ತೆರೆದರೆ ಸುಂದ್ರತ್ತೆ ನಿಂತಿದ್ದಳು. ಇಳಕಲ್ ಸೀರೆ, ಕೈಯಲ್ಲಿ ಛತ್ರಿ. "ನಡಿ" ಅಂದಳು. ಪಂಚಮಿ ಎಂದರೆ ಹೆಣ್ಣುಮಕ್ಕಳು ತವರಿಗೆ ಹೋಗುವ ಹಬ್ಬ. ಕರೆಯಲು ಬರುವ ಅಣ್ಣಂದಿರಿಬ್ಬರೂ ಇಲ್ಲದೆ ಆಕೆ ತಾನಾಗಿ ಹೊರಟಿದ್ದಳು. ಬಸ್ಸಿನಲ್ಲಿ ಉದ್ದಕ್ಕೂ ಕಿಟಕಿಯ ಹೊರಗೆ ನೋಡುತ್ತಿದ್ದಳು.

ಖಾನಾಪುರದ ಮನೆಯ ಹೊಸ್ತಿಲ ಹೊರಗೇ ಆಕೆ ನಿಂತುಬಿಟ್ಟಳು. ದೊಡ್ಡವ್ವ ಜಗಲಿಯಿಂದ ಎಂಜಿನ್ನನ್ನು ಕೂಸಿನಂತೆ ಎತ್ತಿಕೊಂಡು ಬಂದು ಹೊಸ್ತಿಲ ಮೇಲೆ ಇಟ್ಟಳು.

"ಓದು" ಅಂದಳು ಅತ್ತೆ.

"ನಿನಗ ಓದಾಕ ಬರತೈತಲ್ಲ..."

"ನನಗ ಬರತೈತಿ. ನೀ ಓದು."

ದೊಡ್ಡವ್ವ ಓದಿದಳು. ಓದಿ ಮುಗಿಸಿ, "ನೀ ಒಯ್ದಿಲ್ಲ. ನಾ ಅಂದದ್ದು ಸುಳ್ಳ. ಮನಿಯಾಗ ಇತ್ತು, ಮೊದಲಿಂದ ಮನಿಯಾಗ ಇತ್ತು ಸುಂದ್ರಾ" ಎಂದು ಅತ್ತಳು. ಅಷ್ಟಕ್ಕೇ ನಿಲ್ಲಲಿಲ್ಲ. ಮಳೆಯಲ್ಲಿ ಹಾಗೇ ಓಣಿಗೆ ಇಳಿದು, "ಏ ಯಲ್ಲೂಬಾಯಿ, ಬಾ ಇಲ್ಲೆ! ಎಲ್ಲಾರೂ ಬರ್ರಿ, ಬಂದ ಓದ್ರಿ! ನಮ್ಮ ನಾದಿನಿ ಕಳ್ಳಿ ಅಲ್ಲ!" ಎಂದು ಒಂದೊಂದು ಬಾಗಿಲು ಬಡಿದಳು. ಅಂದು ಯಾವ ಬಾಗಿಲುಗಳಿಗೆ ಕೇಳುವಂತೆ ಕೂಗಿದ್ದಳೋ ಅವೇ ಬಾಗಿಲುಗಳು. ಹಬ್ಬದ ಅಡಿಗೆ ಬಿಟ್ಟು ಹೆಂಗಸರು ಬಂದರು. ಕನ್ನಡ ಬಾರದ ಯಲ್ಲೂಬಾಯಿಗೆ ದೊಡ್ಡವ್ವ ಮರಾಠಿಯಲ್ಲಿ ಇನ್ನೊಮ್ಮೆ ಹೇಳಿದಳು. ಯಾರೋ ಸುಂದ್ರತ್ತೆಯ ಕೈಹಿಡಿದು ಒಳಗೆ ಕರೆದು ಕೂರಿಸಿದರು.

ನನಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಅತ್ತೆಯ ಪಕ್ಕ ಕುಳಿತು, "ಆತಲ್ಲತ್ತಿ. ಆಕಿ ಬಾಯಿಂದ ಬಂದದ್ದು ಆಕಿ ಬಾಯಿಂದನ ಹೋತು. ಇನ್ನರೆ ನಗು" ಅಂದೆ.

ಆಕೆ ನಗಲಿಲ್ಲ. ಗೋಡೆಯ ಮೇಲಿನ ಅಣ್ಣನ ಫೋಟೋ ನೋಡುತ್ತಿದ್ದಳು.

"ವರ್ಷಾ ಪಂಚಮಿಗೆ ನಾ ಇಲ್ಲಿ ಬರೂದಿಲ್ಲಂತ ಅವನ ಬರತಿದ್ದ ಬಸೂ, ನನ್ನ ಮನಿಗೆ. ಯಾಡ ಉಂಡಿ ತಿಂದು, ತಲಿ ಮ್ಯಾಲೆ ಕೈ ಇಟ್ಟು ಹೋಗತಿದ್ದ. ಒಂದ ಮಾತ ಆಡತಿದ್ದಿಲ್ಲ. ನಮ್ಮಣ್ಣ ನನ್ನ ನಂಬ್ಯಾನ ಅಂತ ನಾ ತಿಳಕೊಂಡಿದ್ದೆ." ಫೋಟೋದಿಂದ ಕಣ್ಣು ತೆಗೆದು ಅಂದಳು: "ನಂಬೂದ ಎಲ್ಲಿಂದ ಬಂತು? ಅವಗ ಗೊತ್ತಿತ್ತು."

ಇಷ್ಟು ದಿನ ಎಲ್ಲರ ಮೇಲೂ ಸಿಟ್ಟಾದವನು ದೊಡ್ಡಪ್ಪನ ಮೇಲೆ ಒಂದು ದಿನವೂ ಆಗಿರಲಿಲ್ಲ. ಆಗಬೇಕಾದದ್ದು ಅವನ ಮೇಲೇ ಆಗಿತ್ತು.

ಅಷ್ಟರಲ್ಲಿ ದೊಡ್ಡವ್ವ ಒದ್ದೆ ಸೆರಗಿನಲ್ಲೇ ಒಳಗೆ ಬಂದು ಉಂಡಿಯ ತಾಟು ತಂದಳು. ಹಬ್ಬದ ದಿನ ಮೊದಲು ಹಿರಿಯರಿಗೆ ಇಡುವ ರೂಢಿ. ಒಂದು ಉಂಡಿ ತೆಗೆದು ಗಂಡನ ಫೋಟೋದ ಮುಂದೆ ಇಡಲು ಹೋದಳು.

"ಅವಗ ಇಡಬ್ಯಾಡ ವೈನಿ" ಅಂದಳು ಸುಂದ್ರತ್ತೆ. "ಅವ ಬಾಳ ತಿಂದಾನ."

ದೊಡ್ಡವ್ವನ ಕೈ ಅಲ್ಲೇ ನಿಂತಿತು. ನಂತರ ಆ ಉಂಡಿಯನ್ನು ತಂದು ನಾದಿನಿಯ ಅಂಗೈಯಲ್ಲಿಟ್ಟು, ಬೆರಳು ಮುಚ್ಚಿದಳು. ಸುಂದ್ರತ್ತೆ ಅದನ್ನು ತಿನ್ನಲಿಲ್ಲ. ಕೆಳಗೂ ಇಡಲಿಲ್ಲ.